ಒಂದು ರಾಗಿಕಾಳಿನಲ್ಲಿ ನಾಲ್ಕು ತಾಲ್ಲೂಕು

ತುಮಕೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುವಾಗ ಕೊರಟಗೆರೆ, ಮಧುಗಿರಿ, ಪಾವಗಡ ಮೂರೂ ಒಂದೇ ಉಸಿರಿಗೆ ಬಂದುಬಿಡುತ್ತವೆ. ಹೆದ್ದಾರಿ ಕಡೆಯ ಶಿರಾವನ್ನೂ ಅದಕ್ಕೆ ಸೇರಿಸಿ ಎಣಿಸಿದರೆ ಹದಿನೈದು ಅಕ್ಷರ. ಆರೋಗ್ಯವಾಗಿರುವ ನಾಲಿಗೆ ಸೆಕೆಂಡಿಗೆ ಆರು ಅಕ್ಷರವನ್ನು ಸಲೀಸಾಗಿ ನುಡಿಯುತ್ತದೆ. ಅಂದರೆ ನಾಲ್ಕು ತಾಲ್ಲೂಕುಗಳನ್ನು ಹೆಸರಿಸಿ ಮುಗಿಸಲು ಎರಡೂವರೆ ಸೆಕೆಂಡು ಸಾಕು. ಆ ಎರಡೂವರೆ ಸೆಕೆಂಡಿನಲ್ಲಿ ಮೆದುಳು ಮಾಡುವ ಕೆಲಸದ ಲೆಕ್ಕ ಹಾಕುತ್ತ ಹೋದರೆ ತಲೆ ತಿರುಗುತ್ತದೆ.

ಕೊರಟಗೆರೆ ಎಂಬ ಹೆಸರೊಂದನ್ನೇ ತೆಗೆದುಕೊಳ್ಳಿ. ನಾಲಿಗೆಯ ಬುಡ ಮೇಲೆದ್ದು ಗಂಟಲ ಬಳಿಯ ಮೆತ್ತನೆ ಅಂಗುಳನ್ನು ಒತ್ತಿ ಬಿಟ್ಟರೆ ಕಕಾರ. ಅದರ ಬೆನ್ನಿಗೇ ತುಟಿ ದುಂಡಗಾದರೆ ಒಕಾರ. ಈಗ ಬುಡ ಕೆಳಗಿಳಿದು ತುದಿ ಮೇಲೇರಬೇಕು, ಮೇಲಿನ ವಸಡನ್ನು ಒಮ್ಮೆ ತಟ್ಟಿ ವಾಪಸಾಗಬೇಕು, ಅದು ರಕಾರ. ಅದೇ ತುದಿ ಹಿಂದಕ್ಕೆ ಮಡಚಿಕೊಂಡು ಅಂಗುಳಿಗೆ ತಾಗಿದರೆ ಟಕಾರ. ಮತ್ತೆ ಬುಡ, ಮತ್ತೆ ತುದಿ. ಇತ್ತ ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಅದುರುತ್ತಿರುತ್ತವೆ. ಕಕಾರಕ್ಕೆ ಆ ಅದುರು ನಿಲ್ಲಬೇಕು, ಸ್ವರಕ್ಕೆ ಹೊರಡಬೇಕು, ಟಕಾರಕ್ಕೆ ಮತ್ತೆ ನಿಲ್ಲಬೇಕು, ಗಕಾರಕ್ಕೆ ಮಾತ್ರ ನಿಲ್ಲಬಾರದು. ಇಲ್ಲಿ ಒಂದು ಸೆಕೆಂಡಿನ ನೂರನೇ ಕೆಲವು ಭಾಗದಷ್ಟು ಆಚೀಚೆಯಾದರೂ ಗೆರೆ ಕೆರೆಯಾಗುತ್ತದೆ. ಎದೆ, ಗಂಟಲು, ದವಡೆ, ನಾಲಿಗೆ, ತುಟಿ ಎಲ್ಲ ಸೇರಿ ಸುಮಾರು ನೂರು ಸ್ನಾಯುಗಳು ಈ ಒಂದು ಹೆಸರಿಗಾಗಿ ಹೊಂದಿಕೊಂಡು ನಡೆಯುತ್ತವೆ, ಅದೂ ಒಂದು ಸೆಕೆಂಡಿನ ಒಳಗೆ.

ಈ ಹೊಂದಾಣಿಕೆ ಕೆಡುವ ಕಾಯಿಲೆಗಳ ಒಂದು ಗುಂಪಿದೆ. ಸ್ಪೈನೊಸೆರೆಬೆಲ್ಲರ್ ಅಟಾಕ್ಸಿಯಾ ಎಂದು ವೈದ್ಯರು ಕರೆಯುವ, 1, 2, 3 ಎಂದು ನಂಬರು ಹೊತ್ತ ಹಲವಾರು ಕಾಯಿಲೆಗಳು; ಹಂಟಿಂಗ್ಟನ್ ಕಾಯಿಲೆ; ಸಣ್ಣ ವಯಸ್ಸಿನಲ್ಲೇ ಶುರುವಾಗುವ ಫ್ರೀಡ್ರೈಕ್ ಅಟಾಕ್ಸಿಯಾ. ಎಲ್ಲವೂ ವಂಶದಲ್ಲಿ ಬರುವಂಥವು, ಎಲ್ಲವೂ ವರ್ಷದಿಂದ ವರ್ಷಕ್ಕೆ ಬಲಿಯುವಂಥವು. ಅಟಾಕ್ಸಿಯಾದಲ್ಲಿ ಮಾತು ಎಳೆಯುತ್ತದೆ, ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಸಮ ತೂಕದಲ್ಲಿ ಬೀಳತೊಡಗುತ್ತದೆ. ಸೆಕೆಂಡಿಗೆ ಆರಿದ್ದದ್ದು ಮೂರಕ್ಕೆ ಇಳಿದರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಐದು ಸೆಕೆಂಡು ಬೇಕು. ಹಂಟಿಂಗ್ಟನ್‌ನಲ್ಲಿ ದನಿ ಇದ್ದಕ್ಕಿದ್ದಂತೆ ಏರುತ್ತದೆ, ಮಾತಿನ ನಡುವೆ ಉಸಿರು ಸೆಳೆದುಕೊಳ್ಳುತ್ತದೆ.

ಊರಿನಲ್ಲಿ ಇದಕ್ಕೆ ಸಿಗುವ ಮೊದಲ ರೋಗನಿರ್ಣಯ ಒಂದೇ: ಕುಡಿದಿದ್ದಾನೆ. ನಡಿಗೆ ತೂರಾಡುತ್ತದೆ, ನಾಲಿಗೆ ತೊದಲುತ್ತದೆ, ಇನ್ನೇನು ಅನ್ನುತ್ತಾರೆ? "ಒಂದು ತೊಟ್ಟೂ ಮುಟ್ಟಲ್ಲ ಸಾರ್, ಆದ್ರೂ ಹಿಂಗೇ ಮಾತಾಡ್ತಾರೆ" ಎಂದು ಹೆಂಡತಿ ಡಾಕ್ಟರ ಮುಂದೆ ಹೇಳಬೇಕಾಗುತ್ತದೆ. ಲಕ್ವ ಹೊಡೆದಿದೆ ಅನ್ನುವವರೂ ಇದ್ದಾರೆ. ಆದರೆ ಲಕ್ವ ಗಳಿಗೆಯಲ್ಲಿ ಬಂದೆರಗುವಂಥದ್ದು. ಇದು ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಪಾವಗಡದ ಕಡೆ ಕನ್ನಡ, ತೆಲುಗು ಎರಡನ್ನೂ ಆಡಿ ಬೆಳೆದವರಿಗೆ ಎರಡು ಭಾಷೆಯೂ ಒಟ್ಟಿಗೇ ಎಳೆಯತೊಡಗುತ್ತದೆ. ಪದ ಮರೆತಿರುವುದಿಲ್ಲ, ವ್ಯಾಕರಣ ತಪ್ಪಿರುವುದಿಲ್ಲ, ಹೇಳಬೇಕಾದದ್ದು ತಲೆಯಲ್ಲಿ ನಿಚ್ಚಳವಾಗಿ ಇರುತ್ತದೆ. ಹೊತ್ತಿಗೆ ಸರಿಯಾಗಿ ನಾಲಿಗೆಯನ್ನು ನಡೆಸುವ ವ್ಯವಸ್ಥೆ ಮಾತ್ರ ಕುಸಿದಿರುತ್ತದೆ.

ಆ ವ್ಯವಸ್ಥೆಯ ದೊಡ್ಡ ಪಾಲು ಇರುವುದು ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ, ಶಾಲೆಯ ಪಾಠದಲ್ಲಿ ಅನುಮಸ್ತಿಷ್ಕ ಎಂದು ಓದಿದ್ದೇವಲ್ಲ, ಅದರಲ್ಲಿ. ತೂಕದಲ್ಲಿ ಇದು ಇಡೀ ಮೆದುಳಿನ ಹತ್ತನೇ ಒಂದು ಭಾಗ. 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹೆರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು ಮೆದುಳಿನ ಕೋಶಗಳನ್ನು ಲೆಕ್ಕ ಹಾಕಿದಾಗ ಒಟ್ಟು ನರಕೋಶಗಳು 8,600 ಕೋಟಿ. ಅದರಲ್ಲಿ 6,900 ಕೋಟಿ ಈ ಹತ್ತನೇ ಒಂದು ಭಾಗದಲ್ಲೇ ತುಂಬಿಕೊಂಡಿದ್ದವು! ಗಾತ್ರದಲ್ಲಿ ಕಿರುಮೆದುಳು ಸುಮಾರು 140 ಘನ ಸೆಂಟಿಮೀಟರು. ಭಾಗಿಸಿದರೆ ಒಂದು ಘನ ಮಿಲಿಮೀಟರಿಗೆ ಸರಾಸರಿ ಐದು ಲಕ್ಷ ನರಕೋಶ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ 2011ರ ಜನಗಣತಿಯಲ್ಲಿ ಸಿಕ್ಕವರು ಒಟ್ಟು ಸುಮಾರು ಹತ್ತು ಲಕ್ಷ ಜನ. ಎರಡು ಘನ ಮಿಲಿಮೀಟರು ಅಂದರೆ ದಪ್ಪನೆಯ ಒಂದು ರಾಗಿಕಾಳು. ನಾಲ್ಕು ತಾಲ್ಲೂಕಿನ ಒಬ್ಬೊಬ್ಬರಿಗೂ ಒಂದೊಂದು ಕೋಶದಂತೆ ಹಂಚಿದರೆ ರಾಗಿಕಾಳಿನಷ್ಟು ಕಿರುಮೆದುಳು ಸಾಕಾಗುತ್ತದೆ. ಅಂಥ ಎಪ್ಪತ್ತು ಸಾವಿರ ಕಾಳು ನಮ್ಮ ಪ್ರತಿಯೊಬ್ಬರ ತಲೆಯಲ್ಲೂ ಇವೆ.

ಈ ಜನಸಾಗರ ಬಿಚ್ಚಿ ಹಾಸಿದರೆ ಎಷ್ಟು ದೊಡ್ಡದು? 2020ರಲ್ಲಿ ಮಾರ್ಟಿನ್ ಸೆರೆನೊ ಮತ್ತು ಸಂಗಡಿಗರು ಮೃತ ವ್ಯಕ್ತಿಯೊಬ್ಬರ ಕಿರುಮೆದುಳನ್ನು ಅತಿಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಅದರ ಮಡಿಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸಿದರು. ಸುಮಾರು 1,600 ಚದರ ಸೆಂಟಿಮೀಟರು ಬಂತು, ಮಹಾಮೆದುಳಿನ ಹೊರಪದರದ ಹೆಚ್ಚುಕಡಿಮೆ ಶೇ 80ರಷ್ಟು. ಕಿರು ಎಂಬ ಹೆಸರಿಟ್ಟುಕೊಂಡು ಇದು ಎಷ್ಟೊಂದನ್ನು ಮಡಚಿ ಇಟ್ಟುಕೊಂಡಿದೆ!

ನನ್ನನ್ನು ಇದಕ್ಕಿಂತ ಹೆಚ್ಚು ಬೆರಗಾಗಿಸಿದ ಅಂಕಿ ಬೇರೆ. ಕಿರುಮೆದುಳಿನ ಹೊರಪದರದಿಂದ ಆಚೆಗೆ ಹೋಗುವ ಪ್ರತಿ ಸಂದೇಶವೂ ಪರ್ಕಿಂಜೆ ಎಂಬ ಒಂದೇ ಜಾತಿಯ ಕೋಶಗಳ ಮೂಲಕ ಹೋಗಬೇಕು. ಅವುಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ ಮಾತ್ರ. 6,900 ಕೋಟಿಯ ಲೆಕ್ಕಾಚಾರವೆಲ್ಲ ಒಂದೂವರೆ ಕೋಟಿ ಬಾಗಿಲಿನಿಂದ ಹೊರಬೀಳುತ್ತದೆ. ಒಂದು ಬಾಗಿಲಿಗೆ 4,600 ಕೋಶಗಳ ಸರದಿ. ಒಂದೊಂದು ಪರ್ಕಿಂಜೆ ಕೋಶಕ್ಕೆ ಬಂದು ಸೇರುವ ಸಂಪರ್ಕಗಳೂ ಒಂದರಿಂದ ಎರಡು ಲಕ್ಷ. ಅಟಾಕ್ಸಿಯಾ 1, 2 ಮತ್ತು 6ರಲ್ಲಿ ಸಾಯುವುದು ಬಹಳ ಮಟ್ಟಿಗೆ ಇವೇ ಕೋಶಗಳು. ಬಾಗಿಲು ಮುಚ್ಚಿದರೆ ಒಳಗಿನ ಸಾವಿರಾರು ಕೋಶ ಬದುಕಿದ್ದೂ ಅವುಗಳ ಕೆಲಸ ನಾಲಿಗೆಗೆ ಮುಟ್ಟುವುದಿಲ್ಲ.

ಇಷ್ಟು ದೊಡ್ಡ ಹಾನಿಯ ಬೀಜ ಎಷ್ಟು ಸಣ್ಣದು ಎಂಬುದು ಇನ್ನೊಂದು ತುದಿಯ ಅಚ್ಚರಿ. ಹಂಟಿಂಗ್ಟನ್ ಜೀನ್ ಇರುವುದು ನಾಲ್ಕನೇ ವರ್ಣತಂತುವಿನಲ್ಲಿ. ಅದನ್ನು ಪತ್ತೆಹಚ್ಚಿದ್ದು 1993ರಲ್ಲಿ. ಅಟಾಕ್ಸಿಯಾ 1ರ ಜೀನ್ ಆರನೆಯದರಲ್ಲಿ, ಸಿಕ್ಕಿದ್ದೂ ಅದೇ ವರ್ಷ. ಎರಡರಲ್ಲೂ ತೊಂದರೆ ಒಂದೇ: ಸಿ-ಎ-ಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುವ ಜಾಗವೊಂದಿದೆ, ಅದು ಬರಬೇಕಾದ್ದಕ್ಕಿಂತ ಹೆಚ್ಚು ಸಲ ಬಂದಿರುತ್ತದೆ. ಹಂಟಿಂಗ್ಟನ್ ಜೀನ್‌ನಲ್ಲಿ ಅದು 35 ಸಲ ಇದ್ದರೆ ಆ ಮನುಷ್ಯನಿಗೆ ಕಾಯಿಲೆ ಬರುವುದಿಲ್ಲ. 40 ಸಲ ಇದ್ದರೆ, ಆಯಸ್ಸು ಗಟ್ಟಿ ಇದ್ದ ಪಕ್ಷದಲ್ಲಿ, ಬಂದೇ ಬರುತ್ತದೆ. ನಡುವಿನ ಅಂತರ ಐದು ಮೂರಲ ಹದಿನೈದು ಅಕ್ಷರ. ನಮ್ಮ ವಂಶವಾಹಿಯ ಒಂದು ಪ್ರತಿಯಲ್ಲಿರುವ ಅಕ್ಷರಗಳು 300 ಕೋಟಿ. ಇಪ್ಪತ್ತು ಕೋಟಿ ಅಕ್ಷರಕ್ಕೆ ಒಂದು ಅಕ್ಷರದಷ್ಟು ಹೆಚ್ಚಾದರೆ ಸಾಕು, ಬಾಯಿಂದ ನಾಲ್ಕು ಊರಿನ ಹೆಸರು ಹೊರಡಿಸುವುದು ಕಷ್ಟವಾಗುತ್ತದೆ.

ಈ ಪುನರಾವರ್ತನೆ ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಉದ್ದವಾಗುವುದುಂಟು. ಅಜ್ಜನಿಗೆ ಅರವತ್ತರಲ್ಲಿ ಬಂದದ್ದು ಮಗನಿಗೆ ನಲವತ್ತೈದಕ್ಕೆ, ಮೊಮ್ಮಗನಿಗೆ ಮೂವತ್ತಕ್ಕೇ ಕಾಣಿಸಿಕೊಳ್ಳಬಹುದು. ಮನೆಗೆ ಶಾಪ ತಟ್ಟಿದೆ ಎಂದು ಹಿರಿಯರು ಅಂದುಕೊಂಡದ್ದಕ್ಕೆ ಕಣ್ಣಿಗೆ ಕಾಣುವ ಕಾರಣ ಇತ್ತು. ಕಾಯಿಲೆ ನಿಜವಾಗಿಯೂ ಪ್ರತಿ ತಲೆಮಾರಿನಲ್ಲೂ ಬೇಗ ಬೇಗ ಬರುತ್ತಿತ್ತು.

ಇನ್ನು ಇದನ್ನೆಲ್ಲ ತಲೆ ಬಿಚ್ಚದೆ ನೋಡುವ ಯಂತ್ರದ ಸಂಗತಿ. ಈ ನಾಲ್ಕು ತಾಲ್ಲೂಕಿನವರು ನರರೋಗಕ್ಕೆ ದೊಡ್ಡ ಆಸ್ಪತ್ರೆ ಅಂದರೆ ಹೊರಡುವುದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ. ಅಲ್ಲಿ ಇರುವಂಥ 3 ಟೆಸ್ಲಾ ಎಂಆರ್‌ಐ ಯಂತ್ರದ ಅಯಸ್ಕಾಂತ ನಮ್ಮ ಭಾಗದಲ್ಲಿ ಭೂಮಿಗೆ ಇರುವ ಕಾಂತಶಕ್ತಿಯ ಸುಮಾರು 75,000 ಪಟ್ಟು. ಅದರ ಸುರುಳಿಯನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟಿರುತ್ತಾರೆ. ಒಳಗೆ ಮಲಗಿದವರ ಮೈಯ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಬೀಜಗಳು ಸೆಕೆಂಡಿಗೆ 12 ಕೋಟಿ 77 ಲಕ್ಷ ಸಲ ಗಿರಕಿ ಹೊಡೆಯುತ್ತವೆ, ಎಫ್‌ಎಂ ರೇಡಿಯೊದ ತರಂಗಕ್ಕಿಂತ ತುಸು ವೇಗವಾಗಿ. ಇಷ್ಟೆಲ್ಲ ಬಲ ಹಾಕಿದರೂ ಚಿತ್ರಕ್ಕೆ ಒದಗುವುದು ಹತ್ತು ಲಕ್ಷ ಬೀಜಗಳಿಗೆ ಸುಮಾರು ಹತ್ತರ ಮಿಗತೆ ಮಾತ್ರ. ಉಳಿದವು ಆ ಕಡೆಗೊಂದು ಈ ಕಡೆಗೊಂದು ತಿರುಗಿ ತಮ್ಮೊಳಗೇ ವಜಾ ಆಗಿಬಿಡುತ್ತವೆ. ಹತ್ತು ಸಾಲುವುದು ಹೇಗೆ? ಒಂದು ಘನ ಮಿಲಿಮೀಟರು ನೀರಿನಲ್ಲಿ ಆ ಮಿಗತೆಯೇ 670 ಲಕ್ಷ ಕೋಟಿ ಇರುತ್ತದೆ, ಹಾಗೆ.

ಒಂದೊಂದು ಮಿಲಿಮೀಟರಿನ ಚುಕ್ಕಿಯಾಗಿ ಮೆದುಳನ್ನು ತುಂಡರಿಸಿದರೆ ಸುಮಾರು 13 ಲಕ್ಷ ಚುಕ್ಕಿ. ಕಾಯಿಲೆ ಇದ್ದವರ, ಇಲ್ಲದವರ ಮೆದುಳನ್ನು ಚುಕ್ಕಿಗೆ ಚುಕ್ಕಿ ಹೋಲಿಸಿ ಎಲ್ಲಿ ಸವೆದಿದೆ ಎಂದು ಹೇಳುವ ವಿಧಾನವೊಂದಿದೆ. ನಿಮ್ಹಾನ್ಸ್‌ನ ನರವಿಜ್ಞಾನಿಗಳು ಅಟಾಕ್ಸಿಯಾ 1, 2, 3 ಇದ್ದ ರೋಗಿಗಳ ಬೂದುದ್ರವ್ಯವನ್ನು ಹೀಗೇ ಅಳೆದು 2011ರಲ್ಲಿ ಪ್ರಕಟಿಸಿದರು. ಇಲ್ಲಿ ಒಂದು ಅಪಾಯವಿದೆ, ಬಣ್ಣಬಣ್ಣದ ಮೆದುಳಿನ ಚಿತ್ರ ನೋಡಿ ಬೆರಗಾಗುವ ನಮಗೆಲ್ಲ ಅದು ಗೊತ್ತಿರಬೇಕು. ಇಪ್ಪತ್ತಕ್ಕೆ ಒಂದು ತಪ್ಪಾದರೆ ಪರವಾಗಿಲ್ಲ ಎಂಬ ಸಾಮಾನ್ಯ ಮಾನದಂಡವನ್ನು 13 ಲಕ್ಷ ಚುಕ್ಕಿಗೂ ಹಚ್ಚಿದರೆ ಏನೂ ಕಾಯಿಲೆ ಇಲ್ಲದ ಮೆದುಳಿನಲ್ಲೂ 65,000 ಚುಕ್ಕಿ ಸುಮ್ಮನೆ ಹೊಳೆಯುತ್ತವೆ. ಅವನ್ನು ಜರಡಿ ಹಿಡಿದು ನಿಜವಾದದ್ದನ್ನು ಉಳಿಸಿಕೊಳ್ಳುವುದೇ ಈ ವಿದ್ಯೆಯ ಕಷ್ಟದ ಭಾಗ. ಹಾಗೆ ಸೋಸಿದ ಮೇಲೂ ಉಳಿದು ನಿಂತ ಒಂದು ಸಂಗತಿಯಿದೆ: ಹಂಟಿಂಗ್ಟನ್ ಜೀನ್ ಹೊತ್ತವರಲ್ಲಿ, ಕಾಯಿಲೆ ಹೊರಗೆ ಕಾಣಿಸುವುದಕ್ಕೆ ಹತ್ತು ವರ್ಷಕ್ಕೂ ಮುಂಚೆಯೇ ಮೆದುಳಿನ ಆಳದ ಕಾಡೇಟ್ ಎಂಬ ಭಾಗ ಕುಗ್ಗತೊಡಗಿರುತ್ತದೆ.

ಸವೆದ ಜಾಗ ಕಂಡಿತು ಸರಿ, ಮಾತಾಡುವಾಗ ಮೆದುಳು ಏನು ಮಾಡುತ್ತದೆ ಎಂದು ನೋಡುವುದು ಹೇಗೆ? ಇಲ್ಲಿ ಕಾಲದ ಲೆಕ್ಕ ಕೈಕೊಡುತ್ತದೆ. ಫಂಕ್ಷನಲ್ ಎಂಆರ್‌ಐ ನೋಡುವುದು ಕೋಶದ ಕೆಲಸವನ್ನಲ್ಲ, ಕೆಲಸ ಮಾಡಿದ ಕೋಶದ ಕಡೆಗೆ ಹರಿದುಬರುವ ರಕ್ತವನ್ನು. ಆ ರಕ್ತ ತುಂಬಿ ಬರಲು ಐದಾರು ಸೆಕೆಂಡು ಬೇಕು. ಎರಡೂವರೆ ಸೆಕೆಂಡಿನಲ್ಲಿ ನಾಲ್ಕು ತಾಲ್ಲೂಕು ಹೇಳಿ ಮುಗಿಸಿದವರ ಮೆದುಳಿನಲ್ಲಿ, ಕೊನೆಯ ಅಕ್ಷರ ಆಡಿ ಬಾಯಿ ಮುಚ್ಚಿದ ಮೇಲೆ ಮೊದಲ ಕಕಾರದ ರಕ್ತ ಏರುತ್ತಿರುತ್ತದೆ. ಏರಿಕೆಯೂ ನೂರಕ್ಕೆ ಒಂದೆರಡು ಪಾಲಿನಷ್ಟೇ. ಇದರ ಮೇಲೆ, ಮಾತಾಡಿದರೆ ದವಡೆ ಆಡುತ್ತದೆ, ತಲೆ ಒಂದೆರಡು ಮಿಲಿಮೀಟರು ಸರಿದರೂ ಚಿತ್ರ ಕೆಡುತ್ತದೆ. ಯಂತ್ರದ ಬಡಿತವಂತೂ ನೂರು ಡೆಸಿಬಲ್ ದಾಟುತ್ತದೆ. ತಾನಾಗಿಯೇ ಕೈಕಾಲು ಕುಣಿಯುವ ಕಾಯಿಲೆಯವರನ್ನು ಅದರೊಳಗೆ ಅಲುಗಾಡದೆ ಮಲಗಿ ಮಾತಾಡಿ ಎಂದು ಕೇಳಬೇಕು. ಈ ಕೆಲಸಕ್ಕೆ ಒಪ್ಪಿ ಮಲಗಿದ ರೋಗಿಗಳ ಬಗ್ಗೆ ನನಗೆ ಅಪಾರ ಗೌರವ. ರಕ್ತ ತಡವಾಗಿ ಬರುವ ದೋಷವನ್ನೇ ಉಪಾಯ ಮಾಡಿಕೊಂಡದ್ದು ಸಂಶೋಧಕರ ಜಾಣತನ: ಯಂತ್ರವನ್ನು ಕೆಲವು ಸೆಕೆಂಡು ನಿಲ್ಲಿಸಿ, ಆ ನಿಶ್ಶಬ್ದದಲ್ಲಿ ಮಾತಾಡಿಸಿ, ರಕ್ತ ಏರುವ ಹೊತ್ತಿಗೆ ಚಿತ್ರ ತೆಗೆಯುತ್ತಾರೆ.

ಇನ್ನೊಂದು ದಾರಿ ಪೆಟ್ ಸ್ಕ್ಯಾನ್. ವಿಕಿರಣ ಸೂಸುವ ಆಮ್ಲಜನಕ-15 ಬೆರೆತ ನೀರನ್ನು ರಕ್ತಕ್ಕೆ ಸೇರಿಸಿ ಅದು ಮೆದುಳಿನಲ್ಲಿ ಎಲ್ಲಿ ಹರಿಯುತ್ತದೆ ಎಂದು ನೋಡುವುದು. ಎರಡು ನಿಮಿಷಕ್ಕೊಮ್ಮೆ ಅದು ಅರ್ಧಕ್ಕರ್ಧ ಇಲ್ಲವಾಗುತ್ತದೆ. ಬೆಂಗಳೂರಿನಲ್ಲಿ ತಯಾರಿಸಿ ಒಂದೂವರೆ ಗಂಟೆಯಲ್ಲಿ ತುಮಕೂರಿಗೆ ತಂದರೆ ಹೊರಟದ್ದರಲ್ಲಿ ಉಳಿಯುವುದು ಸುಮಾರು 20 ಲಕ್ಷ ಕೋಟಿಯಲ್ಲಿ ಒಂದು ಪಾಲು! ಹಾಗಾಗಿ ಅದನ್ನು ಮಾಡುವ ಸೈಕ್ಲೋಟ್ರಾನ್ ಸ್ಕ್ಯಾನರಿನ ಪಕ್ಕದಲ್ಲೇ ಇರಬೇಕು. ಅಮೆರಿಕದ ಜಾನ್ ಸಿಡ್ಟಿಸ್ ಮತ್ತು ಸಂಗಡಿಗರು ಇದೇ ವಿಧಾನದಲ್ಲಿ, ಅಕ್ಷರಗಳನ್ನು ಬೇಗ ಬೇಗ ಪುನರುಚ್ಚರಿಸುವವರ ಮೆದುಳು ನೋಡಿದರು. ಎಲ್ಲಿ ರಕ್ತ ಹೆಚ್ಚಾಯಿತು ಎಂದಷ್ಟೇ ಕೇಳಿದಾಗ ಎಡಬಲ ಎರಡೂ ಬದಿ ಬೆಳಗಿದವು. ಆಡಿದ ವೇಗದ ಜೊತೆ ತಾಳೆ ಹಾಕಿದಾಗ ಚಿತ್ರವೇ ಬದಲಾಯಿತು: ಎಡಗಡೆ ಹಣೆಯ ಕೆಳಭಾಗದಲ್ಲಿ ರಕ್ತ ಏರಿ, ಬಲಗಡೆ ಕಾಡೇಟ್‌ನಲ್ಲಿ ಇಳಿದಷ್ಟೂ ಮಾತು ಚುರುಕು. ಒಂದು ಜಾಗ ಜೋರು ಮಾಡಬೇಕು, ಇನ್ನೊಂದು ತಗ್ಗಬೇಕು. 2006ರಲ್ಲಿ ಅವರು ವಂಶಪಾರಂಪರ್ಯ ಅಟಾಕ್ಸಿಯಾ ಇದ್ದವರು ಮಾತಾಡುವಾಗಿನ ರಕ್ತದ ಹರಿವಿನ ನಕ್ಷೆಯನ್ನೂ ಪ್ರಕಟಿಸಿದರು. ಮೆದುಳಿನ ಚಿತ್ರವನ್ನು ಆ ಹೊತ್ತಿನ ಮಾತಿನ ಅಳತೆಯ ಜೊತೆ ಇಟ್ಟು ಓದಬೇಕು ಎಂಬುದು ಇದರಿಂದ ನನಗೆ ಮನದಟ್ಟಾದ ವಿಚಾರ. ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಮಾತಿನ ದಾಖಲೆ ಇಲ್ಲದೆ ಅದು ಅರ್ಧ ಮೂಕ.

ಆಸ್ಪತ್ರೆಯಲ್ಲಿ ಮಾತನ್ನು ಅಳೆಯುವ ರೀತಿಯಾದರೋ ಬಹಳ ಒರಟು. ಅಟಾಕ್ಸಿಯಾಕ್ಕೆ ಜಗತ್ತಿನಾದ್ಯಂತ ಬಳಸುವ ಸಾರಾ ಎಂಬ ಮಾಪಕದಲ್ಲಿ ನಲವತ್ತು ಅಂಕ. ಅದರಲ್ಲಿ ಮಾತಿಗೆ ಸೊನ್ನೆಯಿಂದ ಆರು. ಇಷ್ಟು ಕೋಟಿ ಕೋಶಗಳ ನಷ್ಟ ಏಳು ಮೆಟ್ಟಿಲಿನಲ್ಲಿ ಮುಗಿದುಹೋಗುತ್ತದೆ.

ಇಂಥ ಕುಟುಂಬಗಳು ಎಷ್ಟಿರಬಹುದು? ಜಗತ್ತಿನ ಸಮೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2014ರಲ್ಲಿ ಬಂದ ಒಂದು ಅಂದಾಜು, ತಂದೆ-ತಾಯಿಯರಲ್ಲಿ ಒಬ್ಬರಿಂದಲೇ ಬರುವ ಅಟಾಕ್ಸಿಯಾಗಳು ಲಕ್ಷಕ್ಕೆ 2.7, ಇಬ್ಬರಿಂದಲೂ ಬರಬೇಕಾದವು ಲಕ್ಷಕ್ಕೆ 3.3. ನಾಲ್ಕು ತಾಲ್ಲೂಕಿನ ಹತ್ತು ಲಕ್ಷಕ್ಕೆ ಹಚ್ಚಿದರೆ ಅರವತ್ತು ಜನ. ಇದು ಗುಣಿಸಿದ ಲೆಕ್ಕ, ಮನೆ ಮನೆ ತಿರುಗಿ ಎಣಿಸಿದ್ದಲ್ಲ. ಎಣಿಸಿದರೆ ಬೇರೆಯೇ ಆಗಬಹುದು: ತಮಿಳುನಾಡಿನ ಒಂದು ಸಮುದಾಯದಲ್ಲಿ ಅಟಾಕ್ಸಿಯಾ 1 ಅಸಾಧಾರಣ ಪ್ರಮಾಣದಲ್ಲಿ ಇರುವುದು 2005ರಲ್ಲಿ ವರದಿಯಾಗಿದೆ. ಕಣ್ಣಿನ ಚಲನೆ ನಿಧಾನವಾಗುವ ಅಟಾಕ್ಸಿಯಾವನ್ನು ಜಗತ್ತಿಗೆ ಮೊದಲು ವಿವರಿಸಿದ್ದೂ ಮುಂಬಯಿಯ ನೋಶಿರ್ ವಾಡಿಯಾ ಮತ್ತು ಸ್ವಾಮಿ, 1971ರಲ್ಲಿ, ಒಂಬತ್ತು ಕುಟುಂಬಗಳನ್ನು ನೋಡಿ. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ.

ಒಬ್ಬರಿಂದಲೇ ಬರುವ ಕಾಯಿಲೆಗೆ ಸಂಬಂಧದ ಮದುವೆ ಕಾರಣವಲ್ಲ. ಅಲ್ಲಿ ಪ್ರತಿ ಮಗುವಿಗೂ ಎರಡಕ್ಕೆ ಒಂದರ ಪಾಲು. ಇಬ್ಬರಿಂದಲೂ ಬರಬೇಕಾದ ಕಾಯಿಲೆಯಲ್ಲಿ ಲೆಕ್ಕ ತೀರಾ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಂಬಂಧದೊಳಗೆ ಆದವು. ನೂರಕ್ಕೆ ಒಬ್ಬರು ಕೆಟ್ಟ ಪ್ರತಿಯೊಂದನ್ನು ಹೊತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹೊರಗಿನವರನ್ನು ಮದುವೆಯಾದರೆ 40,000 ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ. ಅತ್ತೆಮಗಳನ್ನೋ ಮಾವನ ಮಗಳನ್ನೋ ಆದರೆ ಸುಮಾರು 3,000ಕ್ಕೆ ಒಂದು. ಸೋದರಮಾವನನ್ನೇ ಆದರೆ ಸುಮಾರು 1,550ಕ್ಕೆ ಒಂದು. ಬಹುಪಾಲು ಮನೆಗಳಲ್ಲಿ ಏನೂ ಆಗುವುದಿಲ್ಲ ಎಂಬುದೂ ಇದೇ ಅಂಕಿಯೊಳಗೆ ಇದೆ, ಅದಕ್ಕೇ ಈ ಮಾತನ್ನು ಯಾರೂ ನಂಬುವುದಿಲ್ಲ.

ಈ ನಾಲ್ಕು ತಾಲ್ಲೂಕಿನಲ್ಲಿ ದೊಡ್ಡ ಅಂಕಿಗೆ ಪ್ರಸಿದ್ಧವಾದದ್ದು ಪಾವಗಡದ ತಿರುಮಣಿ ಸುತ್ತಿನ ಸೋಲಾರ್ ಪಾರ್ಕ್: 13,000 ಎಕರೆ, 2,050 ಮೆಗಾವಾಟ್. ಒಂದು ಮೆದುಳಿಗೆ ಬೇಕಾದದ್ದು 20 ವಾಟ್. ಅಷ್ಟೂ ವಿದ್ಯುತ್ತಿನಲ್ಲಿ ಹತ್ತು ಕೋಟಿ ಮೆದುಳು ನಡೆಸಬಹುದು, ಇಡೀ ಕರ್ನಾಟಕದ್ದು ಮುಗಿದು ಮಿಗುವಷ್ಟು. ಅಂಥ 20 ವಾಟಿನೊಳಗೆ ಇಷ್ಟೆಲ್ಲ ನಡೆಯುತ್ತದೆ.

ಈಗ ಎಲ್ಲರ ಜೇಬಿನಲ್ಲೂ ಇರುವ ಯಂತ್ರದ ಅಂಕಿ. ಮೊಬೈಲಿನ ಮೈಕು ಒಳ್ಳೆಯ ಗುಣಮಟ್ಟದಲ್ಲಿ ದನಿ ಹಿಡಿದರೆ ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಫಂಕ್ಷನಲ್ ಎಂಆರ್‌ಐ ಎರಡು ಸೆಕೆಂಡಿಗೆ ಒಂದು ಚಿತ್ರ ತೆಗೆಯುವ ಹೊತ್ತಿಗೆ ಮೊಬೈಲು 88,200 ಅಳತೆ ಮುಗಿಸಿರುತ್ತದೆ. ಅಕ್ಷರ ಎಳೆದದ್ದು, ಗೆರೆ ಕೆರೆಯಾದದ್ದು, ಎರಡು ಅಕ್ಷರದ ನಡುವಿನ ಸಂದು ಹಿಗ್ಗಿದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್ ಸೇರಿ ಎಎಲ್‌ಎಸ್, ಪಾರ್ಕಿನ್ಸನ್ ಎಂಬ ನರರೋಗ ಇರುವವರ ದನಿಯ ಮೇಲೆ ಇಂಥ ಕೆಲಸ ಮಾಡುತ್ತಿವೆ. ಕನ್ನಡ ಮಾತಾಡುವವರೂ ಅದರಲ್ಲಿ ಇದ್ದಾರೆ. ಹಂಟಿಂಗ್ಟನ್ ಜೀನ್ ಇದ್ದು ಇನ್ನೂ ಕಾಯಿಲೆ ಕಾಣಿಸದವರ ಮಾತಿನಲ್ಲೂ ಸೂಕ್ಷ್ಮ ವ್ಯತ್ಯಾಸಗಳು ಸಿಕ್ಕಿರುವುದನ್ನು ವಿದೇಶದ ಅಧ್ಯಯನಗಳು ತೋರಿಸಿವೆ.

ನನಗೆ ಆಸೆ ಮತ್ತು ಭಯ ಎರಡೂ ಹುಟ್ಟುವುದು ಇಲ್ಲೇ. ಪಾವಗಡದಿಂದ ಬೆಂಗಳೂರಿಗೆ 150 ಕಿಲೋಮೀಟರಿಗೂ ಹೆಚ್ಚು ದೂರ. ನಡೆಯಲಾಗದವರನ್ನು ಪ್ರತಿ ಬಾರಿಯೂ ಕರೆದುಕೊಂಡು ಹೋಗುವುದಕ್ಕಿಂತ ದನಿಯನ್ನು ಕಳಿಸುವುದು ಎಷ್ಟೋ ಸುಲಭ. ಆರು ತಿಂಗಳಿಗೊಮ್ಮೆ ಅದೇ ನಾಲ್ಕು ವಾಕ್ಯ ಓದಿಸಿ ಹಿಡಿದಿಟ್ಟರೆ ಏಳು ಮೆಟ್ಟಿಲಿನ ಮಾಪಕಕ್ಕೆ ಸಿಗದ ಬದಲಾವಣೆ ಸಿಗಬಹುದು, ಸ್ಪೀಚ್ ಥೆರಪಿ ಫಲಿಸುತ್ತಿದೆಯೋ ಇಲ್ಲವೋ ತಿಳಿಯಬಹುದು. ಆದರೆ ಜೀನ್ ಪರೀಕ್ಷೆ ಬಂದು ಮೂವತ್ತು ವರ್ಷ ಕಳೆದರೂ, ಹಂಟಿಂಗ್ಟನ್ ಬರುವ ಸಂಭವ ಇರುವವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಮಾತ್ರ ಅದನ್ನು ಮಾಡಿಸಿಕೊಳ್ಳುತ್ತಾರೆ. ವಾಸಿ ಮಾಡುವ ಔಷಧಿ ಇಲ್ಲದ ಕಾಯಿಲೆಯ ತಾರೀಖು ತಿಳಿದು ಏನು ಮಾಡಲಿ ಎಂಬ ಅವರ ಪ್ರಶ್ನೆಗೆ ಬೆಲೆ ಕೊಟ್ಟೇ, ಆಪ್ತ ಸಲಹೆ ಇಲ್ಲದೆ ಆ ಪರೀಕ್ಷೆ ಮಾಡಬಾರದು, ಲಕ್ಷಣ ಇಲ್ಲದ ಹದಿನೆಂಟು ತುಂಬದವರಿಗೆ ಮಾಡಲೇಬಾರದು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದದ್ದು. ರಕ್ತ ತೆಗೆಯಲು ತೋಳು ಚಾಚಬೇಕು, ಸಹಿ ಹಾಕಬೇಕು. ದನಿಗೆ ಅದೇನೂ ಬೇಡ, ಫೋನ್ ಕರೆಯೊಂದರಲ್ಲೇ ಅದು ಹೋಗಿಬಿಡುತ್ತದೆ. ಜೀನ್ ಪರೀಕ್ಷೆಗೆ ಇರುವ ಅಷ್ಟೂ ಕಟ್ಟುಪಾಡು ದನಿಯ ಪರೀಕ್ಷೆಗೂ ಇರಬೇಕು, ಮತ್ತು ಅದನ್ನು ಬರೆಯುವವರು ಈಗಲೇ, ಇಂಥ ಅಳತೆ ವಿಮಾ ಕಂಪನಿಗಳ ಹಾಗೂ ಹೆಣ್ಣು-ಗಂಡು ನೋಡುವವರ ಕೈಗೆ ಸಿಗುವ ಮೊದಲೇ ಬರೆಯಬೇಕು.